ಮಲ್ಲಿಗೆ ಕಸ್ತೂರಿ ಹಚ್ಚಿದ ದನದ ಡಾಕ್ಟರು

ದನದ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಕಂಪೌಂಡರಾಗಿದ್ದವನು ನಾನು. ಅಲ್ಲಿ ರೋಗಿಗಳು ಬಾಯಿ ಮುಚ್ಚಿಕೊಂಡಿರುತ್ತವೆ, ಅವನ್ನು ಹಿಡಿದುಕೊಂಡು ಬಂದವರು ಮಾತ್ರ ಬಾಯಿ ಮುಚ್ಚುವುದಿಲ್ಲ. ಹಾಗಾಗಿ ವಾರಕ್ಕೊಂದು ನಗುವ ಸಂಗತಿ ನಡೆಯದೆ ಹೋದರೆ ನನಗೆ ರಜೆ ಹಾಕಿದ ಹಾಗೆ ಅನಿಸುತ್ತಿತ್ತು. ಎತ್ತಿಗೆ ಕೊಟ್ಟ ಜಂತುಹುಳದ ಔಷಧವನ್ನು ತಾವೇ ರುಚಿ ನೋಡಿ ಮೂರು ದಿನ ಹೊಲದ ಬದುವಿನಿಂದ ಏಳದ ಗೌಡರ ಕತೆಯನ್ನು ಇನ್ನೊಂದು ಸಲ ಹೇಳಬಹುದು. ಈಗ ಹೇಳುವುದೆಲ್ಲ ಒಬ್ಬರೇ ಡಾಕ್ಟರದು, ಒಂದೇ ಅತ್ತರಿನದು.

೧. ಕೇಳಬಾರದ ಪ್ರಶ್ನೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗುಡೇಕೋಟೆ ಕಡೆಯ ಒಂದು ಊರಿನಲ್ಲಿ ನಮ್ಮ ಆಸ್ಪತ್ರೆ. ಊರಿನ ಹೆಸರು ಬೇಡ. ಇದರೊಳಗಿನ ಜನ ಕೆಲವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಅವರ ಮೊಮ್ಮಕ್ಕಳಿಗೆ ಓದಲಿಕ್ಕೂ ಬರುತ್ತದೆ.

ಅಲ್ಲಿಗೆ ಬಂದ ಡಾಕ್ಟರಿಗೆ ಮೂವತ್ತೊಂದು ವರ್ಷ. ಹಗರಿಬೊಮ್ಮನಹಳ್ಳಿಯವರು. ತಂದೆ ಇರಲಿಲ್ಲ, ತಾಯಿ ಕೂಲಿನಾಲಿ ಮಾಡಿ ಓದಿಸಿದ್ದರು. ಅವರ ಮನೆತನದಲ್ಲಿ ಸರಕಾರಿ ಸಂಬಳ ಕಂಡವರು ಇವರೇ ಮೊದಲು. ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಇಳಿಸಲು ಅಂಜದ ಮನುಷ್ಯ, ಹೆಣ್ಣುಮಗಳೊಬ್ಬಳು ಎದುರು ಬಂದು ನಿಂತರೆ ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು ಬಿಡುತ್ತಿದ್ದರು. ಇಷ್ಟು ಒಳ್ಳೆಯ ಮನುಷ್ಯನಿಗೆ ಒಂದು ಹೆಣ್ಣು ಕುದುರುತ್ತಿರಲಿಲ್ಲ. ತಾಯಿಗೆ ಅದೊಂದೇ ಚಿಂತೆ. ಮಗನಿಗೂ ಅದೇ ಚಿಂತೆ, ಆದರೆ ಅವರು ಅದನ್ನು ಯಾರ ಹತ್ತಿರವೂ ಆಡುತ್ತಿರಲಿಲ್ಲ.

ಒಂದೇ ವರ್ಷದಲ್ಲಿ ಮೂರು ಕಡೆ ಹೆಣ್ಣು ನೋಡಿ ಬಂದರು. ಮೊದಲನೆಯದು ಹಡಗಲಿಯಲ್ಲಿ. ಮಲ್ಲಿಗೆ ತೋಟದವರ ಮನೆ. ಪಡಸಾಲೆ ತುಂಬ ಹೆಂಗಸರು ಮೊಗ್ಗು ಕಟ್ಟುತ್ತ ಕೂತಿದ್ದರಂತೆ. ಇವರು ಹೋಗಿ ಚಾಪೆಯ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಒಬ್ಬಾಕೆ ಎದ್ದು ಮೊಗ್ಗಿನ ಬುಟ್ಟಿಯನ್ನು ಒಳಗೆ ಒಯ್ದಿಟ್ಟಳು. ಎರಡನೆಯದು ಕೂಡ್ಲಿಗಿಯಲ್ಲಿ. ಉಪ್ಪಿಟ್ಟು ಕೊಟ್ಟರು, ಕಿಟಕಿಯನ್ನೂ ತೆರೆದರು. ಮೂರನೆಯದು ಕೊಟ್ಟೂರಿನಲ್ಲಿ. ಅಲ್ಲಿ ಹುಡುಗಿಯ ಅಜ್ಜ ನೇರವಾಗಿ, ತಮ್ಮ ಹೋತ ಮೊನ್ನೆಯಿಂದ ಕಳೆದುಹೋಗಿದೆ, ದಾರಿಯಲ್ಲಿ ಎಲ್ಲಾದರೂ ಕಂಡಿರೇನು ಎಂದು ಕೇಳಿದನಂತೆ. ಮೂರೂ ಮನೆಯಿಂದ ಬಂದ ಉತ್ತರ ಒಂದೇ: ಹುಡುಗ ಚಲೋ, ನೌಕರಿ ಚಲೋ, ಸದ್ಯಕ್ಕೆ ಬೇಡ.

ಒಂದು ದಿನ ಮಧ್ಯಾಹ್ನ ರೋಗಿಗಳು ಯಾರೂ ಇರಲಿಲ್ಲ. ಡಾಕ್ಟರು ತಮ್ಮ ಅಂಗಿಯ ತೋಳನ್ನು ಮೂಗಿಗೆ ಹಿಡಿದು ನೋಡಿದರು, ಬಿಟ್ಟರು, ಮತ್ತೆ ಹಿಡಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

"ಕಂಪೌಂಡರ್ರ, ಖರೇ ಹೇಳ್ರಿ. ನನ್ನ ಮೈಯಾಗ ವಾಸನಿ ಐತೇನು?"

ಬೆಳಗಿನಿಂದ ಸಂಜೆಯವರೆಗೆ ಕುರಿ, ಟಗರು, ಹೋತಗಳನ್ನು ತಬ್ಬಿ ಹಿಡಿಯುವವರ ಮೈಯಲ್ಲಿ ಸಂಪಿಗೆ ಘಮಘಮಿಸುತ್ತದೆಯೇ? ನನ್ನನ್ನೇ ನಮ್ಮ ಮನೆಯವಳು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತಿದ್ದಳು. ಆದರೆ ಹೇಳಬೇಕಾದದ್ದು ಮೇಲಿನ ಅಧಿಕಾರಿಗೆ.

"ಸರ್," ಅಂದೆ, "ಇಲ್ಲ ಅಂದ್ರ ಸುಳ್ಳಾಕ್ಕೈತಿ, ಐತಿ ಅಂದ್ರ ನನ್ನ ನೌಕರಿ ಹೊಕ್ಕೈತಿ. ಇವತ್ತು ನನಗ ಅರ್ಧ ದಿನ ರಜಾ ಕೊಡ್ರಿ."

೨. ಗುಣ ನೋಡಿ ಕೊಡುವ ವ್ಯಾಪಾರ

ರಜೆ ಸಿಗಲಿಲ್ಲ. ಬದಲಿಗೆ ಆ ವಾರ ಕೊಟ್ಟೂರು ಸಂತೆಗೆ ಡಾಕ್ಟರ ಜತೆ ಹೋಗುವ ಕೆಲಸ ಸಿಕ್ಕಿತು.

ಸಂತೆಯಲ್ಲಿ ಬಳೆಗಾರರ ಸಾಲಿನ ತುದಿಗೆ ಒಬ್ಬ ಅತ್ತರಿನ ಸಾಬರು ಕೂರುತ್ತಿದ್ದರು. ಬಿಳಿ ಗಡ್ಡ, ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ, ಮುಂದೆ ಮರದ ಪೆಟ್ಟಿಗೆ, ಅದರೊಳಗೆ ಬೆರಳಿನುದ್ದದ ಶೀಷೆಗಳು. ನಾವು ಹೋಗಿ ಯಾವುದಾದರೂ ಜೋರಾಗಿರುವುದು ಕೊಡಿ ಎಂದರೆ ಅವರು ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟರು. ಅತ್ತರು ಅಂದರೆ ಗೊಬ್ಬರವೇನು, ಜೋರು ಮೆತ್ತಗೆ ಎಂದು ಕೇಳಲಿಕ್ಕೆ? ಹಚ್ಚಿಕೊಳ್ಳುವವರ ಗುಣ ತಿಳಿಯದೆ ತಾವು ಕೊಡುವುದಿಲ್ಲ ಎಂದರು. ಸಿಟ್ಟಿನವರಿಗೆ ಲಾವಂಚ, ಜಂಬದವರಿಗೆ ಗುಲಾಬಿ, ಸಾಲಿ ಮಾಸ್ತರರಿಗೆ ಶ್ರೀಗಂಧ, ಹೀಗೆ ಅವರದೊಂದು ಲೆಕ್ಕಾಚಾರ.

ಆಮೇಲೆ ಡಾಕ್ಟರನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಶುರುಮಾಡಿದರು. ಸಿಟ್ಟು ಬಂದರೆ ಏನು ಮಾಡುತ್ತೀರಿ ಎಂದರು. ಹೊರಗೆ ಹೋಗಿ ನಿಲ್ಲುತ್ತೇನೆ ಎಂದರು ಡಾಕ್ಟರು. ಯಾರಾದರೂ ಬೈದರೆ? ಕೇಳಿಸಿಕೊಳ್ಳುತ್ತೇನೆ. ಖುಷಿಯಾದರೆ? ಡಾಕ್ಟರು ಬಹಳ ಹೊತ್ತು ಯೋಚಿಸಿ, ಆಗಲೂ ಹೊರಗೆ ಹೋಗಿ ನಿಲ್ಲುತ್ತೇನೆ ಎಂದರು. ಸಾಬರು ಲಾವಂಚದ ಮೇಲಿದ್ದ ಕೈಯನ್ನು ತೆಗೆದು ಮೂಲೆಯಿಂದ ಒಂದು ಸಣ್ಣ ಶೀಷೆ ಎತ್ತಿದರು.

"ಇದು ಮಲ್ಲಿಗಿ ಕಸ್ತೂರಿ ಸಾಹೇಬ್ರ. ಮ್ಯಾಲೆ ಹೂವು, ಬುಡಕ ಕಸ್ತೂರಿ. ನಿಮ್ಮಂಥ ಬಾಯಿಲ್ಲದೋರಿಗೆ ಇದ ಸರಿ. ನಿಮ್ಮ ಬದಲಿ ಇದು ಮಾತಾಡ್ತೈತಿ."

ಘಾಟು ಅನ್ನುವಂತಿಲ್ಲ, ಆದರೆ ಬಿಡುವ ಪೈಕಿಯೂ ಅಲ್ಲ. ಮೊದಲು ಮೊಗ್ಗು ಬಿರಿದ ಹಾಗೆ ತಣ್ಣಗೆ ಬರುತ್ತಿತ್ತು, ಹೋಯಿತು ಅನ್ನುವಷ್ಟರಲ್ಲಿ ಹಿಂದಿನಿಂದ ಕಸ್ತೂರಿ ಬಂದು ಹೆಗಲ ಮೇಲೆ ಕೈ ಹಾಕುತ್ತಿತ್ತು. ನನಗೂ ಆಸೆಯಾಯಿತು. ಹಾಗಾದರೆ ನನಗೆ ಯಾವುದು ಸರಿ ಹೋಗುತ್ತದೆ ಎಂದು ಕೇಳಿದೆ. ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಪೆಟ್ಟಿಗೆ ಮುಚ್ಚಿದರು.

"ನಿಮಗ ಯಾವುದೂ ಬ್ಯಾಡ ಬಿಡ್ರಿ. ಬಂದಾಗಿಂದ ನೀವ ಮಾತಾಡಕತ್ತೀರಿ."

೩. ನಮ್ಮ ಮನೆಯವಳ ತನಿಖೆ

ಕಡ್ಡಿಯ ತುದಿಯಷ್ಟು ಹಚ್ಚಿಕೊಳ್ಳಿ, ಸಾಕು ಎಂದು ಸಾಬರು ಹೇಳಿ ಕಳಿಸಿದ್ದರು. ಆದರೆ ನಮ್ಮ ಡಾಕ್ಟರು ಓದಿದ್ದು ದನದ ವೈದ್ಯ. ಮನುಷ್ಯರ ಪ್ರಮಾಣ ಅವರಿಗೆ ಹೇಗೆ ಗೊತ್ತಾಗಬೇಕು? ಎತ್ತಿನ ಅಳತೆಗೆ ಹಚ್ಚಿಕೊಂಡರು. ಮಾರನೆಯ ದಿನದಿಂದ ಅವರು ಊರ ಅಗಸೆಬಾಗಿಲಲ್ಲಿದ್ದರೆ ಆಸ್ಪತ್ರೆಯಲ್ಲಿದ್ದ ನನಗೆ ತಿಳಿಯುತ್ತಿತ್ತು. ಹೋಟೆಲಿನವನು ಅವರ ವಾಸನೆ ಬಂದ ಮೇಲೆ ಚಹಕ್ಕೆ ನೀರಿಡುತ್ತಿದ್ದ, ಅವರು ಬೆಂಚಿನ ಮೇಲೆ ಕೂರುವಷ್ಟರಲ್ಲಿ ಚಹ ಕುದಿಯುತ್ತಿತ್ತು.

ಡಾಕ್ಟರ ಹತ್ತಿರ ಒಂದು ಸೈಕಲ್ ಇತ್ತು. ಕುರಿಗಾರರ ಹಟ್ಟಿಗಳಿಗೆ ಹೋಗುವಾಗ ಅವರು ತುಳಿಯುತ್ತಿದ್ದರು, ನಾನು ಔಷಧದ ಪೆಟ್ಟಿಗೆ ಹಿಡಿದು ಹಿಂದಿನ ಕ್ಯಾರಿಯರ್ ಮೇಲೆ ಕೂರುತ್ತಿದ್ದೆ. ಗಾಳಿ ಹಿಂದಕ್ಕೆ ಬೀಸಿದರೆ ಅವರ ಅತ್ತರೆಲ್ಲ ನನ್ನ ಅಂಗಿಗೆ. ಹೀಗೆ ಮೂರು ದಿನ ಕಳೆಯಿತು. ನಮ್ಮ ಮನೆಯವಳು ನನ್ನ ಅಂಗಿ ಒಗೆಯಲು ತೆಗೆದುಕೊಂಡವಳು ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು. ಕುರಿಯ ವಾಸನೆಗೆ ಹನ್ನೆರಡು ವರ್ಷ ಬೈದವಳು ಮಲ್ಲಿಗೆಯ ವಾಸನೆಗೆ ಏನೂ ಅನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಆವತ್ತು ರೊಟ್ಟಿ ಬಡಿಯುವ ಸದ್ದು ಮೂರು ಮನೆ ಆಚೆಗೂ ಕೇಳಿತು, ತಟ್ಟೆಗೆ ಬಿದ್ದದ್ದು ಮಾತ್ರ ಒಂದೇ ರೊಟ್ಟಿ.

ಮಾರನೆಯ ದಿನ ನಾನೊಬ್ಬನೇ ಹಟ್ಟಿಯ ಕಡೆ ಹೋಗಿದ್ದಾಗ ಅವಳು ನಮ್ಮ ಆಡನ್ನು ಎಳೆದುಕೊಂಡು ಆಸ್ಪತ್ರೆಗೆ ಬಂದಳಂತೆ. ಆಡಿಗೆ ಏನೂ ಆಗಿರಲಿಲ್ಲ. ಔಷಧದ ಕೋಣೆ, ಹುಲ್ಲಿನ ಕೋಣೆ, ಹಿತ್ತಲು ಎಲ್ಲ ಕಡೆ ಮೂಗು ಮುಂದೆ ಮಾಡಿಕೊಂಡು ಓಡಾಡಿ ಕೊನೆಗೆ ಡಾಕ್ಟರ ಮೇಜಿನ ಮುಂದೆ ಬಂದು ನಿಂತಳು. ಡಾಕ್ಟರು ಗಾಬರಿಬಿದ್ದು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡು ಆಡಿನ ಎದೆ, ಬೆನ್ನು, ಕೊನೆಗೆ ಕೊಂಬನ್ನೂ ಪರೀಕ್ಷಿಸಿದರು.

ಸಂಜೆ ನಾನು ಮನೆಗೆ ಬಂದೆ. ತಟ್ಟೆಯಲ್ಲಿ ನಾಲ್ಕು ರೊಟ್ಟಿ, ಬೆಣ್ಣೆ, ಪುಂಡಿಪಲ್ಯ. ಏನು ಸಮಾಚಾರ ಎಂದು ಕೇಳಿದೆ.

"ಏನಿಲ್ಲ," ಅಂದಳು. "ಯಾವಾಕಿನ್ನ ಬೆನ್ನು ಹತ್ತೀಯೋ ನೋಡ್ಕಂಡು ಬರಾಣಂತ ಹೋಗಿದ್ದೆ. ಸಿಕ್ಕಳು. ಭಾಳ ನಾಚ್ತಾಳ, ಪಾಪ. ಮೀಸಿ ಬ್ಯಾರೆ ಅದಾವು."

೪. ನಾಲ್ಕನೆಯ ಬಾರಿ

ನಮ್ಮೂರಿನಿಂದ ಎರಡು ಮೈಲಿ ದೂರದ ಹಟ್ಟಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಎಂಬತ್ತು ಕುರಿ ಸಾಕಿದ್ದಳು. ಗಂಡುಮಕ್ಕಳು ಮೂವರಿದ್ದರೂ ಹಿಂಡಿನ ಯಜಮಾನಿಕೆ ಅವಳದೇ. ಡಾಕ್ಟರು ಅಂದರೆ ಸೂಜಿ ಚುಚ್ಚಿ ಕುರಿ ಸಾಯಿಸುವವರು ಎಂಬುದು ಅವಳ ಗಟ್ಟಿ ನಂಬಿಕೆ. ಅಂಥವಳೇ ಒಂದು ಬೆಳಿಗ್ಗೆ ಹೇಳಿ ಕಳಿಸಿದಳು: ಚೊಚ್ಚಲ ಕುರಿ ಈಯಲಾರದೆ ಒದ್ದಾಡುತ್ತಿದೆ, ಹೊರಗೆ ಒಂದೇ ಕಾಲು ಬಂದಿದೆ.

ಡಾಕ್ಟರು ಕಂಬಳಿಯ ಮೇಲೆ ಮಂಡಿಯೂರಿ ಕೂತು, ಮರಿಯನ್ನು ಒಳಗೇ ಹೊರಳಿಸಿ ಅರ್ಧ ಗಂಟೆಯಲ್ಲಿ ಹೊರಗೆ ತಂದರು. ಜೀವಂತ ಮರಿ. ಹಟ್ಟಿಯವರೆಲ್ಲ ಉಸಿರು ಬಿಟ್ಟರು. ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಮುಗಿಯುತ್ತಿತ್ತು. ಸಂತೋಷ ಹೆಚ್ಚಾಗಿ ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದಲೇ ಮರಿಯನ್ನು ತಲೆಯಿಂದ ಬಾಲದವರೆಗೆ ಚೆನ್ನಾಗಿ ಒರೆಸಿ ತಾಯಿಯ ಮುಂದೆ ಇಟ್ಟರು.

ತಾಯಿ ಒಮ್ಮೆ ಮೂಸಿತು. ಎರಡು ಹೆಜ್ಜೆ ಹಿಂದೆ ಸರಿಯಿತು. ಮತ್ತೆ ಮೂಸಿ, ತಲೆ ತಗ್ಗಿಸಿ ಒಂದು ಗುದ್ದು ಗುದ್ದಿತು. ಮರಿ ಉರುಳಿ ಡಾಕ್ಟರ ಕಾಲಿನ ಹತ್ತಿರ ಬಂದು ಬಿತ್ತು. ಕೆಚ್ಚಲಿಗೆ ಹಿಡಿದರೆ ಒದೆಯಿತು, ಕಟ್ಟಿ ನಿಲ್ಲಿಸಿದರೆ ಮಲಗಿತು. ಅಜ್ಜಿ ಮರಿಯನ್ನು ಎತ್ತಿ ತಾನೂ ಮೂಸಿದಳು.

"ಏನ್ ಮಾಡಿದಿ ಡಾಕ್ಟರಪ್ಪ? ಕುರಿ ತನ್ನ ಮರೀನ ಕಣ್ಣಿಲೆ ನೋಡಂಗಿಲ್ಲ, ಮೂಗಿಲೆ ನೋಡ್ತೈತಿ. ನೀನು ಇದನ್ನ ಹೂವಿನಂಗಡಿ ಮಾಡಿ ಇಟ್ಟೀಯಲ್ಲ. ಹಾಲಿಲ್ಲದ ಸಾಯ್ತೈತಿ ಇದು."

ಡಾಕ್ಟರು ಎದ್ದರು. ಹೊರಗೆ ಹೋಗಿ ಬೇಲಿಯ ಪಕ್ಕ ನಿಂತರು. ನಾನು ಹತ್ತಿರ ಹೋದೆ. ನನಗೆ ನಿಜವಾಗಿಯೂ ಸಂಕಟವಾಯಿತು, ಯಾಕೆಂದರೆ ಅವರ ಕಣ್ಣು ಒದ್ದೆಯಾಗಿತ್ತು. ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ, ಅವರೇ ಮೊದಲು ಮಾತಾಡಿದರು.

"ಹಡಗಲಿ, ಕೂಡ್ಲಿಗಿ, ಕೊಟ್ಟೂರು. ಇದು ನಾಲ್ಕನೇದು ನೋಡ್ರಿ."

೫. ಗಿರಾಕಿ ಯಾರು

ಆದರೆ ಡಾಕ್ಟರು ಹಟ್ಟಿ ಬಿಟ್ಟು ಬರಲಿಲ್ಲ. ಎರಡು ದಿನ ಅಲ್ಲೇ ಕೂತು ಆಡಿನ ಹಾಲನ್ನು ಬಾಟಲಿಯಲ್ಲಿ ಕುಡಿಸಿ ಮರಿಯನ್ನು ಉಳಿಸಿಕೊಂಡರು. ಅಜ್ಜಿ ಬೈಯುವುದನ್ನು ಬಿಡಲಿಲ್ಲ, ಇವರು ಕೇಳಿಸಿಕೊಳ್ಳುವುದನ್ನು ಬಿಡಲಿಲ್ಲ. ಮೂರನೆಯ ದಿನ ಅವರಿಗೆ ಒಂದು ಯೋಚನೆ ಬಂತು. ಮೂಗಿನಿಂದಲೇ ಕೆಟ್ಟದ್ದನ್ನು ಮೂಗಿನಿಂದಲೇ ಸರಿ ಮಾಡಿದರೆ? ಜೇಬಿನಿಂದ ಶೀಷೆ ತೆಗೆದು, ಮರಿಯ ಬೆನ್ನಿಗೆ ಎರಡು ಹನಿ, ತಾಯಿಯ ಮೂಗಿನ ಮೇಲೆ ಎರಡು ಹನಿ ಹಚ್ಚಿದರು. ಈಗ ತಾಯಿಗೆ ಜಗತ್ತೆಲ್ಲ ಒಂದೇ ವಾಸನೆ. ಬೇಲಿಯೂ ಮಲ್ಲಿಗೆ, ಹುಲ್ಲೂ ಮಲ್ಲಿಗೆ, ಮರಿಯೂ ಮಲ್ಲಿಗೆ. ತನ್ನ ಮೈಯೂ ಅದೇ. ಕುರಿ ಗೊಂದಲಕ್ಕೆ ಬಿದ್ದು ಅರ್ಧ ದಿನ ಸುಮ್ಮನೆ ನಿಂತಿತು. ಸಂಜೆಯ ಹೊತ್ತಿಗೆ ಮರಿ ಕೆಚ್ಚಲಿಗೆ ಬಾಯಿ ಹಾಕಿತು, ತಾಯಿ ಒದೆಯಲಿಲ್ಲ. ಅಜ್ಜಿ ಒಳಗೆ ಹೋಗಿ ಡಾಕ್ಟರಿಗೆ ಒಂದು ಚರಿಗೆ ಮಜ್ಜಿಗೆ ತಂದು ಕೊಟ್ಟಳು.

ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಯಿತು. ತಾಯಿ ಸತ್ತ ಮರಿ ಇದ್ದವರು, ಮರಿ ಸತ್ತ ತಾಯಿ ಇದ್ದವರು, ಎರಡನ್ನೂ ಹೊತ್ತುಕೊಂಡು ಆಸ್ಪತ್ರೆಗೆ ಬರತೊಡಗಿದರು. ಸೂಜಿಗೆ ಹೆದರುತ್ತಿದ್ದವರೇ ಆ ವಾಸನಿ ಔಷಧ ಹಚ್ಚಿರಿ ಎಂದು ಸಾಲು ನಿಂತರು. ಬಂದವರ ಕುರಿಗಳಿಗೆ ಡಾಕ್ಟರು ಮೆಲ್ಲಗೆ ಸಿಡುಬಿನ ಲಸಿಕೆಯನ್ನೂ ಹಾಕಿ ಕಳಿಸಿದರು. ಶೀಷೆ ಎರಡು ತಿಂಗಳೂ ಬರಲಿಲ್ಲ. ಮತ್ತೆ ಕೊಟ್ಟೂರಿಗೆ ಹೋದವನು ನಾನು.

ದೊಡ್ಡ ಶೀಷೆಯನ್ನೇ ಕೇಳಿದ್ದಕ್ಕೆ ಸಾಬರಿಗೆ ಅನುಮಾನ ಬಂತು. ಆ ಸಾಹೇಬರು ಒಬ್ಬರೇ ಇಷ್ಟು ಹಚ್ಚಿಕೊಳ್ಳುತ್ತಾರೆಯೇ ಎಂದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕುರಿಗಳಿಗೆ ಎಂದೆ. ಸಾಬರ ಮುಖ ಕೆಂಪಾಯಿತು. ಅವರ ಅಜ್ಜ ನವಾಬರ ಮನೆಗೆ ಅತ್ತರು ಕೊಟ್ಟಿದ್ದನಂತೆ. ಶೀಷೆಯನ್ನು ಹಿಂದಕ್ಕೆ ಎಳೆದುಕೊಂಡರು. ನಾನು ಮರಿಗಳ ಕತೆಯೆಲ್ಲ ಹೇಳಿದೆ. ತಬ್ಬಲಿ ಮರಿ ಹೊಸ ತಾಯಿಯ ಹಾಲು ಕುಡಿಯುವಾಗ ಬಾಲ ಹೇಗೆ ಅಲ್ಲಾಡಿಸುತ್ತದೆ ಎಂಬುದನ್ನು ಕೈಯಲ್ಲೇ ಮಾಡಿ ತೋರಿಸಿದೆ. ಸಾಬರು ಗಡ್ಡ ನೀವಿಕೊಂಡರು. ಆಮೇಲೆ ಗಂಭೀರವಾಗಿ ಕೇಳಿದರು.

"ಆ ಕುರಿಗಳ ಗುಣ ಹೆಂಗೈತ್ರಿ?"

"ಮೆತ್ತಗ ಅದಾವ್ರಿ. ಬಾಯಿಲ್ಲ."

"ಹಂಗಾದ್ರ ಇದ ಸರಿ," ಎಂದು ಶೀಷೆ ಮುಂದೆ ತಳ್ಳಿದರು. "ಗುಲಾಬಿ ಮಾತ್ರ ಹಚ್ಚಬ್ಯಾಡ್ರಿ, ಜಂಬ ಬರ್ತೈತಿ."

೬. ಮನೆ ನೋಡಲು ಬಂದವರು

ಇಷ್ಟರಲ್ಲಿ ಹರಪನಹಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗಿ ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಹುಡುಗನ ಮನೆ ನೋಡಲು ಹಿರಿಯರು ಬರುವುದು ವಾಡಿಕೆ. ಆದರೆ ಆ ಹುಡುಗಿ, ಬಾಳುವೆ ಮಾಡುವವಳು ನಾನು, ಮನೆಯನ್ನೂ ನಾನೇ ನೋಡುತ್ತೇನೆ ಎಂದು ಹಟ ಹಿಡಿದು ಅಪ್ಪನ ಜತೆ ಹೊರಟಿದ್ದಳು.

ಡಾಕ್ಟರ ತಾಯಿ ಎರಡು ದಿನ ಮೊದಲೇ ಬಂದು ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸನ್ನು ಸಾರಿಸಿ ಗುಡಿಸಿದರು. ನನಗೆ ಒಂದೇ ಅಪ್ಪಣೆ: ಇವತ್ತು ನಾಲ್ಕು ಕಾಲಿನದು ಯಾವುದೂ ಮನೆಯ ಹತ್ತಿರ ಸುಳಿಯಕೂಡದು, ಇದೂ ತಪ್ಪಿಹೋದರೆ ಮಗ ಇನ್ನು ಮದುವೆಯ ಮಾತೇ ಎತ್ತುವುದಿಲ್ಲ ಎಂದಿದ್ದಾನೆ. ನಾನು ಅಂಗಳಕ್ಕೆಲ್ಲ ಫಿನಾಯಿಲ್ ಹೊಡೆದೆ. ಡಾಕ್ಟರು ಎರಡು ಸಲ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ಧೈರ್ಯಕ್ಕೆಂದು ಎಂದಿಗಿಂತ ನಾಲ್ಕು ಹನಿ ಹೆಚ್ಚೇ ಹಚ್ಚಿಕೊಂಡರು.

ಅಜ್ಜಿಯ ಆ ಕುರಿಯದು ಒಂದು ವಿಷಯ ಹೇಳಬೇಕು. ಅದಕ್ಕೆ ತನ್ನ ಮರಿಯ ಸ್ವಂತ ವಾಸನೆ ತಿಳಿದು ಎಷ್ಟೋ ದಿನವಾಗಿತ್ತು. ಆದರೂ ಮಲ್ಲಿಗೆ ಕಸ್ತೂರಿ ಮೂಗಿಗೆ ಬಿದ್ದರೆ ಹಿಂಡು ಬಿಟ್ಟು ಡಾಕ್ಟರ ಹಿಂದೆ ಓಡಿಬರುತ್ತಿತ್ತು. ಹಟ್ಟಿಯಲ್ಲಿ ನಾವು ಅದನ್ನು ನೋಡಿ ನಗುತ್ತಿದ್ದೆವು. ಆವತ್ತು ಅಜ್ಜಿ ಹಿಂಡನ್ನು ನಮ್ಮೂರ ಕೆರೆಗೆ ನೀರಿಗೆ ಹೊಡೆದುಕೊಂಡು ಬಂದದ್ದು ನನಗೆ ಗೊತ್ತಿರಲಿಲ್ಲ.

ಬೀಗರು ಬಂದು ಕೂತರು. ಹುಡುಗಿಯ ಅಪ್ಪ ಒಂದೊಂದೇ ಕೇಳಿದರು. ಸಂಬಳ ಎಷ್ಟು, ವರ್ಗ ಯಾವಾಗ, ನೀರಿನ ಅನುಕೂಲ ಹೇಗೆ. ಡಾಕ್ಟರ ಉತ್ತರ ಹೂಂ, ಉಹುಂ, ಐತ್ರಿ, ಇಷ್ಟೇ. ಮಾತು ಬತ್ತಿತು. ಹುಡುಗಿ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. ಇದೂ ಹೋಯಿತು ಎಂದು ನಾನು ಬಾಗಿಲಲ್ಲಿ ನಿಂತು ಬೆವೆತೆ.

ಆಗ ನನ್ನ ಕಾಲಿನ ಸಂದಿಯಿಂದ ಬಿಳಿಯದೊಂದು ನುಗ್ಗಿತು. ಅದರ ಹಿಂದೆ ಮರಿ. ಆ ಕುರಿ ಬೀಗರನ್ನು ತಿರುಗಿಯೂ ನೋಡದೆ ನೇರವಾಗಿ ಡಾಕ್ಟರ ಹತ್ತಿರ ಹೋಗಿ, ಹೊಸ ಅಂಗಿಯನ್ನು ಮೂಸಿ, ಮರಿಯನ್ನು ಕರೆಯುವ ಸಣ್ಣ ದನಿ ಹೊರಡಿಸಿ, ಅವರ ಕೈಯನ್ನು ನೆಕ್ಕಿತು. ಆಮೇಲೆ ಅಡ್ಡ ತಿರುಗಿ ನಿಂತು, ಹಾಲು ಕುಡಿ ಬಾ ಎಂದು ಕೆಚ್ಚಲನ್ನು ಅವರ ಮೊಣಕಾಲಿಗೆ ಒತ್ತಿತು. ನಾನು ಕೊರಳು ಹಿಡಿದು ಎಳೆದೆ. ನನಗೇ ಗುದ್ದಿತು. ಅಷ್ಟರಲ್ಲಿ ಕೋಲು ಊರಿಕೊಂಡು ಅಜ್ಜಿಯೂ ಒಳಗೆ ಬಂದಳು. ಬೀಗರ ಮುಖ ನೋಡಿ ಕೈಮುಗಿದಳು.

"ಏನೂ ತಿಳ್ಕಬ್ಯಾಡ್ರಿ ಯಪ್ಪಾ. ಡಾಕ್ಟರಪ್ಪ ತನ್ನ ಮಗ ಅಂತ ಅದಕ್ಕ ತಲಿಯಾಗ ಕುಂತೈತಿ."

ಹುಡುಗಿಯ ಅಪ್ಪ ಟೊಪ್ಪಿಗೆ ಕೈ ಹಾಕಿ ಏಳುವವರಿದ್ದರು. ಹುಡುಗಿ ಏಳಲಿಲ್ಲ. ಅದೇ ಮೊದಲ ಸಲ ಡಾಕ್ಟರ ಮುಖವನ್ನು ನೇರವಾಗಿ ನೋಡಿ, ಹಿಂಗ್ಯಾಕ ಮಾಡ್ತೈತ್ರಿ ಇದು ಎಂದು ಕೇಳಿದಳು.

ಡಾಕ್ಟರ ಕೈ ಸ್ಟೆತಸ್ಕೋಪಿಗಾಗಿ ಎದೆಯ ಮೇಲೆ ತಡಕಾಡಿತು, ಅದು ಆವತ್ತು ಇರಲಿಲ್ಲ. ಬೇರೆ ದಾರಿಯಿಲ್ಲದೆ ಬಾಯಿ ತೆರೆದರು. ತೆರೆದವರು ಮುಚ್ಚಲಿಲ್ಲ. ಒಂದೇ ಕಾಲು ಹೊರಗೆ ಬಂದದ್ದು, ಟವೆಲ್ಲು, ಗುದ್ದು, ಬಾಟಲಿ ಹಾಲು, ಕುರಿ ಮೂಸಿಯೇ ತನ್ನವರನ್ನು ಒಪ್ಪುತ್ತದೆ ಎನ್ನುವುದು, ತಬ್ಬಲಿ ಮರಿಗಳು ಎಷ್ಟು ಉಳಿದವು ಎನ್ನುವುದು, ಕೊನೆಗೆ ತಾವು ಅತ್ತರು ಹಚ್ಚಲು ಶುರುಮಾಡಿದ್ದು ಯಾಕೆ, ಮೂರು ಮನೆಯಲ್ಲಿ ಏನಾಯಿತು ಎನ್ನುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ಇಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹುಡುಗಿ ಒಂದು ಕಡೆ ನಕ್ಕಳು, ಒಂದು ಕಡೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾತು ನಡೆದಿರುವಾಗಲೇ ಕುರಿ ಡಾಕ್ಟರನ್ನು ಬಿಟ್ಟು ಹುಡುಗಿಯ ಹತ್ತಿರ ಬಂತು. ನಾವೆಲ್ಲ ಉಸಿರು ಹಿಡಿದೆವು, ಗುದ್ದಿದರೆ ಗತಿಯೇನು? ಅದು ಅವಳ ಸೀರೆಯ ನೆರಿಗೆ ಮೂಸಿತು, ಕೈ ಮೂಸಿತು, ಅಲ್ಲೇ ಪಕ್ಕದಲ್ಲಿ ಮೆಲುಕು ಹಾಕುತ್ತ ಮಲಗಿತು.

ಅಪ್ಪ ಗಂಟಲು ಸರಿಮಾಡಿಕೊಂಡು, ನಡಿಯವ್ವ ಹೋಗಾಣ, ಊರಿಗೆ ಹೋಗಿ ಯೋಚಿಸಿ ತಿಳಿಸಿದರಾಯಿತು ಎಂದರು. ಹುಡುಗಿ ಕುರಿಯ ತಲೆ ಸವರುತ್ತ ಕೂತಲ್ಲೇ ಹೇಳಿದಳು.

"ಯೋಚನಿ ಏನೈತಪ್ಪಾಜಿ? ಅತ್ತೇರು ನನ್ನ ಮೂಸಿ ನೋಡಿದ್ರು, ಒಲ್ಲೆ ಅನ್ಲಿಲ್ಲ. ನಾನ್ಯಾಕ ಒಲ್ಲೆ ಅನ್ಲಿ?"

ಡಾಕ್ಟರು ಎದ್ದು ಹೊರಗೆ ಹೋಗಿ ನಿಂತರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಅವರ ತಾಯಿ ಬಂದು ನಿಂತಿದ್ದರು.

"ಇನ್ನೊಬ್ಬಾಕಿ ಅತ್ತಿನೂ ಅದಾಳವಾ," ಅಂದರು. "ಆಕಿಗೂ ಒಂದೀಟು ಮೂಸಾಕ ಕೊಡು, ಬಾ ಒಳಗ."